ಬೀಜಾವೇಶ, ವಜಾ, ನಿವ್ವಳ: ಹೊರ ಎಲೆಕ್ಟ್ರಾನಿನ ಆಕರ್ಷಣೆಯನ್ನು ಕನ್ನಡದಲ್ಲಿ ವಿವರಿಸುವ ಬಗೆ

ಕನ್ನಡದ ವಿಜ್ಞಾನ ಸಾಹಿತ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದುಕೊಂಡು ಬಂದಿದೆ. ಪದವು ಸಂಸ್ಕೃತದ್ದಾಗಿರಬೇಕೆ, ದೇಶ್ಯವಾಗಿರಬೇಕೆ, ಇಂಗ್ಲಿಷಿನ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕೆ ಎಂಬ ಪ್ರಶ್ನೆಗಳು ನಮಗೆ ಚಿರಪರಿಚಿತ. ಆದರೆ ಆ ಪದಗಳನ್ನು ಒಂದು ವಾದವಾಗಿ ಹೆಣೆಯುವ ವಾಕ್ಯದ ಕಡೆಗೆ ಗಮನ ಹರಿದದ್ದು ಕಡಿಮೆ. ವಿಜ್ಞಾನದ ವಿವರಣೆ ಸೋಲುವುದು ಅನೇಕ ವೇಳೆ ಪದದಲ್ಲಲ್ಲ, ವಾಕ್ಯದಲ್ಲಿ ಎಂಬುದನ್ನು ರಸಾಯನಶಾಸ್ತ್ರದ ಒಂದು ಚಿಕ್ಕ ಪ್ರಕರಣವನ್ನು ಆಧರಿಸಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಮಾಣುವಿನ ಬೀಜದಲ್ಲಿರುವ ವಿದ್ಯುದಾವೇಶವು ಹೊರಗಿನ ಎಲೆಕ್ಟ್ರಾನನ್ನು ಎಷ್ಟು ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದೇ ಆ ಪ್ರಕರಣ.

ಈ ವಿಷಯ ಕನ್ನಡ ವಿಭಾಗದ ಪತ್ರಿಕೆಗೆ ಏಕೆ ಎಂಬ ಪ್ರಶ್ನೆ ಸಹಜ. ವಿಜ್ಞಾನದ ಪದವಿ ತರಗತಿಗಳಿಗೆ ನಿಗದಿಯಾಗುವ ಭಾಷಾ ಪಠ್ಯಗಳಲ್ಲಿ ವಿಜ್ಞಾನ ಪ್ರಬಂಧಗಳಿರುವುದು ವಾಡಿಕೆ. ಅವನ್ನು ಪಾಠ ಮಾಡುವವರು ಕನ್ನಡ ಅಧ್ಯಾಪಕರು. ನಾವು ಅಲ್ಲಿ ಶೈಲಿಯನ್ನು ನೋಡುತ್ತೇವೆ, ಪದಸಂಪತ್ತನ್ನು ಹೊಗಳುತ್ತೇವೆ. ಬರಹದೊಳಗಿನ ಕಾರ್ಯಕಾರಣ ನಿಂತಿದೆಯೇ ಕುಸಿದಿದೆಯೇ ಎಂದು ಕೇಳುವುದು ವಿಜ್ಞಾನದವರ ಕೆಲಸವೆಂದು ಬಿಟ್ಟುಬಿಡುತ್ತೇವೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪದವಿಪೂರ್ವ ಹಂತದಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ವಿಜ್ಞಾನವನ್ನು ಎದುರಿಸುವ ವಿದ್ಯಾರ್ಥಿಗೆ ಆ ಕುಸಿತವೇ ಮುಖ್ಯ ತೊಡಕು. ಅವನು ಕನ್ನಡದಲ್ಲಿ ಅರ್ಥಮಾಡಿಕೊಂಡಿದ್ದನ್ನು ಇಂಗ್ಲಿಷಿಗೆ ಒಯ್ಯಬಲ್ಲ. ಕನ್ನಡದಲ್ಲಿ ಬಾಯಿಪಾಠ ಮಾಡಿದ್ದನ್ನು ಒಯ್ಯಲಾರ.

ಚರಿತ್ರೆಯ ದೃಷ್ಟಿಯಿಂದಲೂ ಈ ಪ್ರಕರಣಕ್ಕೆ ಕನ್ನಡದೊಡನೆ ಒಂದು ಸಮಕಾಲೀನತೆಯಿದೆ. ರುದರ್‌ಫರ್ಡ್ ಪರಮಾಣುಬೀಜದ ಕಲ್ಪನೆಯನ್ನು ಮಂಡಿಸಿದ್ದು 1911ರಲ್ಲಿ. ಬೋರ್ ಹೈಡ್ರೊಜನ್ ಪರಮಾಣುವಿನ ಮಾದರಿಯನ್ನು ಕೊಟ್ಟದ್ದೂ, ಧಾತುವಿನ ಕ್ರಮಸಂಖ್ಯೆ ಎಂದರೆ ಅದರ ಬೀಜದ ಆವೇಶವೇ ಎಂಬುದಕ್ಕೆ ಮೋಸ್ಲಿಯ ಕ್ಷಕಿರಣ ಪ್ರಯೋಗಗಳು ಆಧಾರ ಒದಗಿಸಿದ್ದೂ 1913ರಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಬಂದದ್ದು 1918ರಲ್ಲಿ. ಎಂದರೆ ಪರಮಾಣುಬೀಜವನ್ನು ಕುರಿತ ಅರಿವು ಮತ್ತು ಕನ್ನಡದ ವಿಜ್ಞಾನ ಪತ್ರಿಕೋದ್ಯಮ ಒಂದೇ ದಶಕದ ಕೂಸುಗಳು. ಮುಂದೆ ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾವ್ (1921–2017) ‘ಪರಮಾಣು ಚರಿತ್ರೆ’ಯನ್ನು ಬರೆದರು. ಪರಮಾಣುವಿನ ಕಥೆಯನ್ನು ಹೇಳುವ ಕನ್ನಡ ನಮಗೆ ಬಂದಿದೆ. ಪರಮಾಣುವಿನ ಲೆಕ್ಕವನ್ನು ಹೇಳುವ ಕನ್ನಡ ಇನ್ನೂ ಹದಗೊಳ್ಳಬೇಕಾಗಿದೆ.

2

ತರಗತಿಗಳಲ್ಲಿ, ಮಾರ್ಗದರ್ಶಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಎರಡು ವಾಕ್ಯಗಳನ್ನು ಮೊದಲು ಗಮನಿಸಬೇಕು. “ಬೀಜಾವೇಶ ಹೆಚ್ಚಿದಂತೆ ಹೊರ ಎಲೆಕ್ಟ್ರಾನುಗಳ ಮೇಲಿನ ಆಕರ್ಷಣೆ ಹೆಚ್ಚುತ್ತದೆ” ಎಂಬುದು ಒಂದು. “ಕವಚಗಳ ಸಂಖ್ಯೆ ಹೆಚ್ಚಿದಂತೆ ಹೊರ ಎಲೆಕ್ಟ್ರಾನುಗಳ ಮೇಲಿನ ಆಕರ್ಷಣೆ ಕಡಿಮೆಯಾಗುತ್ತದೆ” ಎಂಬುದು ಇನ್ನೊಂದು. ಆವರ್ತ ಕೋಷ್ಟಕದ ಅಡ್ಡಸಾಲಿಗೆ ಮೊದಲನೆಯದು, ಕಂಬಸಾಲಿಗೆ ಎರಡನೆಯದು. ಬಿಡಿಬಿಡಿಯಾಗಿ ಎರಡೂ ತಪ್ಪಲ್ಲ. ಆದರೆ ಒಟ್ಟಿಗೆ ಇಟ್ಟಾಗ ಜಗಳವಾಡುತ್ತವೆ.

ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ತೆಗೆದುಕೊಳ್ಳೋಣ. ಸೋಡಿಯಂ ಬೀಜದ ಆವೇಶ 11, ಪೊಟ್ಯಾಸಿಯಂ ಬೀಜದ್ದು 19. ಮೊದಲನೆಯ ವಾಕ್ಯವನ್ನು ನಂಬಿದರೆ ಪೊಟ್ಯಾಸಿಯಂ ತನ್ನ ಹೊರ ಎಲೆಕ್ಟ್ರಾನನ್ನು ಹೆಚ್ಚು ಬಿಗಿಯಾಗಿ ಹಿಡಿದಿರಬೇಕು. ವಾಸ್ತವ ಇದಕ್ಕೆ ವ್ಯತಿರಿಕ್ತ. ಸೋಡಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಹೊರಗೆ ಹಾಕಲು 5.14 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಪೊಟ್ಯಾಸಿಯಂನಿಂದ ಕೀಳಲು 4.34 ಸಾಕು. ಜಾಣ ವಿದ್ಯಾರ್ಥಿ ಇದನ್ನು ಕೇಳಿಯೇ ಕೇಳುತ್ತಾನೆ: ಬೀಜಾವೇಶ ಎಂಟು ಹೆಚ್ಚಿತಲ್ಲ, ಅದೆಲ್ಲಿ ಹೋಯಿತು? ಉತ್ತರವಾಗಿ ಎರಡನೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿದರೆ ಅದು ಉತ್ತರವಾಗುವುದಿಲ್ಲ, ನಿಯಮದ ಪುನರುಚ್ಚಾರವಾಗುತ್ತದೆ.

ತೊಡಕಿನ ಮೂಲ ‘ಹೆಚ್ಚಿದಂತೆ’ ಎಂಬ ರಚನೆಯಲ್ಲಿದೆ. ಕನ್ನಡದಲ್ಲಿ ‘-ದಂತೆ’ ಎಂಬುದು ಎರಡು ಸಂಗತಿಗಳು ಜೊತೆಜೊತೆಯಾಗಿ ನಡೆಯುವುದನ್ನು ಹೇಳುತ್ತದೆ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವುದಿಲ್ಲ. ‘ಹೊತ್ತು ಏರಿದಂತೆ ಬಿಸಿಲು ಬಲಿಯಿತು’ ಎನ್ನುವಾಗ ಅಷ್ಟೇ ಸಾಕು. ಆದರೆ ಪರಮಾಣುವಿನಲ್ಲಿ ಒಂದೇ ಹೆಜ್ಜೆಯಲ್ಲಿ ಮೂರು ಸಂಗತಿಗಳು ಬದಲಾಗುತ್ತವೆ: ಬೀಜಾವೇಶ, ಒಳಗಿನ ಎಲೆಕ್ಟ್ರಾನುಗಳ ಸಂಖ್ಯೆ, ಹೊರ ಎಲೆಕ್ಟ್ರಾನಿನ ದೂರ. ‘ಬೇರೆಯವು ಹಾಗೇ ಇದ್ದು, ಇದೊಂದೇ ಹೆಚ್ಚಿದರೆ’ ಎಂಬ ನಿಬಂಧನೆಯನ್ನು ‘ಹೆಚ್ಚಿದಂತೆ’ ನುಂಗಿಹಾಕುತ್ತದೆ. ‘ಹೆಚ್ಚಿದರೂ’, ‘ಹೆಚ್ಚಿದಷ್ಟೂ’, ‘ಹೆಚ್ಚಿದ್ದರಲ್ಲಿ ಇಷ್ಟು ಕಳೆದು’ ಎಂಬ ರಚನೆಗಳು ನಮ್ಮಲ್ಲಿ ಧಾರಾಳವಾಗಿರುವಾಗ ಎಲ್ಲ ಕೆಲಸಕ್ಕೂ ಈ ಒಂದನ್ನೇ ದುಡಿಸಿಕೊಂಡಿರುವುದು ಇಂಗ್ಲಿಷ್ ಪಠ್ಯಗಳ ಅನುವಾದದಿಂದ ಬಂದ ಅಭ್ಯಾಸವೆಂದು ತೋರುತ್ತದೆ.

3

ವಾಕ್ಯಕ್ಕಿಂತ ಮೊದಲು ಪದಗಳ ವಿಷಯವನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ‘ಬೀಜ’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ‘ಬೈಜಿಕ’ ಎಂಬ ವಿಶೇಷಣವೂ ಅದರಿಂದ ಸಲೀಸಾಗಿ ಹುಟ್ಟಿದೆ. ‘ಆವೇಶ’ ಅಷ್ಟು ನಿರಪಾಯಕಾರಿಯಲ್ಲ. ಒಳಹೊಗುವುದು, ಮೈಮೇಲೆ ಬರುವುದು ಎಂಬ ಅರ್ಥದ ಈ ಪದ ತಲೆ ಬಾಚಿದ ಬಾಚಣಿಗೆಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ವಿದ್ಯುತ್ತು ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಪ್ರೋಟಾನಿನ ಆವೇಶ ಬರುವಂಥದ್ದೂ ಅಲ್ಲ, ಇಳಿಯುವಂಥದ್ದೂ ಅಲ್ಲ. ಹಿಂದಿನವರು ಬಳಸಿದ ‘ವಿದ್ಯುದಂಶ’ ಈ ದೃಷ್ಟಿಯಿಂದ ಮೇಲು. ಆದರೆ ‘ಆವೇಶ’ ಈಗ ಶಾಲಾ ಪಠ್ಯಗಳಲ್ಲಿ ಬೇರೂರಿದೆ, ಕೀಳುವುದರಿಂದ ಪ್ರಯೋಜನವಿಲ್ಲ. ‘ವೇಲೆನ್ಸಿ’ಯನ್ನು ಹಾಗೆಯೇ ಉಳಿಸಿಕೊಂಡು, ವೇಲೆನ್ಸ್ ಎಲೆಕ್ಟ್ರಾನನ್ನು ‘ಹೊರ ಎಲೆಕ್ಟ್ರಾನು’ ಎಂದರೆ ಈ ಲೇಖನದ ಮಟ್ಟಿಗೆ ಸಾಕು.

ನಿಜವಾದ ತೊಂದರೆ ಇರುವುದು ‘ಕವಚ’ದಲ್ಲಿ. ಎಲೆಕ್ಟ್ರಾನುಗಳು ಬೀಜದ ಸುತ್ತ ಬೇರೆ ಬೇರೆ ಶಕ್ತಿಮಟ್ಟಗಳಲ್ಲಿ ಪದರ ಪದರವಾಗಿ ಇರುವುದನ್ನು ನಮ್ಮ ಪಠ್ಯಗಳು ‘ಕವಚ’ವೆಂದು ಕರೆದವು. ಚಿಪ್ಪು ಎಂಬರ್ಥದ ಇಂಗ್ಲಿಷ್ ಪದಕ್ಕೆ ಸಂವಾದಿಯಾಗಿ ಬಂದ ಪದ ಇದು. ಕನ್ನಡ ಓದುಗನಿಗೆ ಕವಚವೆಂದರೆ ಕರ್ಣನ ಕವಚ, ಯುದ್ಧದ ಕವಚ. ಎಂದರೆ ತಡೆಯುವ ವಸ್ತು. ಒಳಗಿನ ಎಲೆಕ್ಟ್ರಾನುಗಳಿಂದಾಗಿ ಹೊರ ಎಲೆಕ್ಟ್ರಾನಿಗೆ ಬೀಜದ ಸೆಳೆತ ಕಡಿಮೆಯಾಗಿ ತಟ್ಟುವ ಸಂಗತಿಗೂ ಇಂಗ್ಲಿಷಿನಲ್ಲಿ ಗುರಾಣಿ, ತೆರೆ ಎಂಬರ್ಥದ ಪದಗಳಿವೆ. ಇಂಗ್ಲಿಷಿನಲ್ಲಿ ಚಿಪ್ಪು ಬೇರೆ, ಗುರಾಣಿ ಬೇರೆ. ಕನ್ನಡದಲ್ಲಿ ಎರಡೂ ಕವಚದೊಳಗೆ ಸೇರಿಹೋದವು. ಪರಿಣಾಮವಾಗಿ ‘ಕವಚ ಹೆಚ್ಚಿತು, ಆಕರ್ಷಣೆ ಕಡಿಮೆಯಾಯಿತು’ ಎಂಬ ವಾಕ್ಯ ವಿದ್ಯಾರ್ಥಿಗೆ ವಿವರಣೆಯ ಅಗತ್ಯವೇ ಇಲ್ಲದಷ್ಟು ಸಹಜವಾಗಿ ಕಾಣುತ್ತದೆ. ಕವಚವಿದ್ದ ಮೇಲೆ ತಡೆಯದೆ ಇರುತ್ತದೆಯೇ?

ಆದರೆ ಒಳಗಿನ ಎಲೆಕ್ಟ್ರಾನುಗಳು ಏನನ್ನೂ ತಡೆಯುವುದಿಲ್ಲ. ಈ ಅಂಶವನ್ನು ಒತ್ತಿ ಹೇಳಬೇಕು. ಬೀಜದ ಸೆಳೆತ ಒಳಗಿನ ಪದರಗಳನ್ನು ಹಾಯ್ದು ಪೂರ್ತಿಯಾಗಿಯೇ ಹೊರ ಎಲೆಕ್ಟ್ರಾನನ್ನು ಮುಟ್ಟುತ್ತದೆ. ಅದೇ ಕಾಲಕ್ಕೆ ಒಳಗಿನ ಎಲೆಕ್ಟ್ರಾನುಗಳು, ತಾವೂ ಋಣಾವೇಶದವಾದ್ದರಿಂದ, ಹೊರ ಎಲೆಕ್ಟ್ರಾನನ್ನು ಹೊರಕ್ಕೆ ತಳ್ಳುತ್ತವೆ. ಸೆಳೆತದಲ್ಲಿ ತಳ್ಳಿಕೆಯನ್ನು ಕಳೆದರೆ ಉಳಿಯುವುದೇ ಹೊರ ಎಲೆಕ್ಟ್ರಾನಿನ ಪಾಲಿಗೆ ಬಂದ ಆಕರ್ಷಣೆ. ಇದು ತಡೆಯುವ ವ್ಯವಹಾರವಲ್ಲ, ಕಳೆಯುವ ಲೆಕ್ಕ. ಆದ್ದರಿಂದ ‘ಕವಚ’ದ ಬದಲು ‘ಪದರ’ ಎಂಬ ಸರಳ ಪದವೇ ಉಚಿತ. ತಳ್ಳಿಕೆಯ ಪರಿಣಾಮಕ್ಕೆ ‘ಮರೆ’ ಎನ್ನಬಹುದೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಅಚ್ಚಗನ್ನಡದ ಚೆಲುವಾದ ಪದ. ಆದರೆ ಅದೂ ತಡೆಯ ಕಡೆಗೇ ವಾಲುತ್ತದೆ.

ನನ್ನ ಸೂಚನೆ ‘ವಜಾ’. ಪತ್ರಿಕೆಗಳಲ್ಲಿ ನೌಕರಿಯಿಂದ ತೆಗೆದುಹಾಕುವುದಕ್ಕೆ, ಅರ್ಜಿ ತಳ್ಳಿಹಾಕುವುದಕ್ಕೆ ಸವೆದುಹೋಗಿರುವ ಈ ಪದ ಲೆಕ್ಕದ ಪುಸ್ತಕದಲ್ಲಿ ತನ್ನ ಮೂಲ ಕಸುಬನ್ನು ಬಿಟ್ಟಿಲ್ಲ. ಒಟ್ಟು ಇಷ್ಟು, ವಜಾ ಇಷ್ಟು, ನಿವ್ವಳ ಇಷ್ಟು ಎಂಬ ಸಾಲು ಮಂಡಿಯ ಚೀಟಿಯಲ್ಲೂ ಸಂಬಳದ ಪಟ್ಟಿಯಲ್ಲೂ ಇರುತ್ತದೆ. ಇದೇ ಕಾರಣಕ್ಕೆ, ಹೊರ ಎಲೆಕ್ಟ್ರಾನಿಗೆ ದಕ್ಕುವ ಬೀಜಾವೇಶವನ್ನು ‘ಪರಿಣಾಮಕಾರಿ ಬೀಜಾವೇಶ’ ಎಂದು ಅನುವಾದಿಸುವ ಬದಲು ‘ನಿವ್ವಳ ಬೀಜಾವೇಶ’ ಎನ್ನುವುದು ಲೇಸು. ಪರಿಣಾಮಕಾರಿ ಎಂದರೆ ಕನ್ನಡದಲ್ಲಿ ಚೆನ್ನಾಗಿ ಫಲ ಕೊಡುವಂಥದ್ದು: ಪರಿಣಾಮಕಾರಿ ಭಾಷಣ, ಪರಿಣಾಮಕಾರಿ ಔಷಧ. ಇಲ್ಲಿ ಹೇಳಬೇಕಾದದ್ದು ಕಳೆದ ಮೇಲೆ ಕೈಗೆ ಬಂದದ್ದು ಎಂದು. ಹೊಗಳಿಕೆಗೂ ಲೆಕ್ಕಕ್ಕೂ ವ್ಯತ್ಯಾಸವಿದೆ.

‘ವಜಾ’ದ ಪರವಾಗಿ ಇನ್ನೊಂದು ಮಾತು. ಮೈಸೂರು ನಗರದ ರಾಜೀವನಗರವು ಉರ್ದು ಮನೆಮಾತಿನ ಕುಟುಂಬಗಳು ಹೆಚ್ಚಾಗಿರುವ ಬಡಾವಣೆ. ಅಂಥ ಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಅವಳಿಗೆ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ, ಮುಂದೆ ಕಾಲೇಜಿನಲ್ಲಿ ಮೂರನೆಯದು. ‘ಪರಿಣಾಮಕಾರಿ’ಯಾಗಲಿ ‘ಕವಚ’ವಾಗಲಿ ಅವಳಿಗೆ ಪಠ್ಯದಿಂದ ಮಾತ್ರ ಬರುವ ಪದಗಳು. ‘ವಜಾ’, ‘ಬಾಕಿ’, ‘ಜಮಾ’ ಹಾಗಲ್ಲ. ಆಡಳಿತದ ಮತ್ತು ವ್ಯಾಪಾರದ ದಾರಿಯಲ್ಲಿ ಅರಬ್ಬಿ-ಪಾರಸಿ ಮೂಲದಿಂದ ಬಂದು ಕನ್ನಡದ್ದೇ ಆಗಿಹೋದ ಈ ಪದಗಳು ಅವಳ ಮನೆಯಲ್ಲೂ ಅಂಗಡಿಯಲ್ಲೂ ಇವೆ. ವಿಜ್ಞಾನದ ಕನ್ನಡವನ್ನು ಕಟ್ಟುವಾಗ ಸಂಸ್ಕೃತವೋ ದೇಶ್ಯವೋ ಎಂದು ಮಾತ್ರ ವಾದಿಸುವ ನಾವು ಈ ಮೂರನೆಯ ಭಂಡಾರವನ್ನು ಮರೆತಿದ್ದೇವೆ. ಮರೆವಿನ ನಷ್ಟ ತುಂಬುವವರು ಈ ಬಗೆಯ ವಿದ್ಯಾರ್ಥಿಗಳು.

4

ಈಗ ಲೆಕ್ಕ. ಅತಿ ಸರಳವಾದ ಹೈಡ್ರೊಜನ್‌ನಿಂದ ಹೊರಡೋಣ. ಬೀಜದಲ್ಲಿ ಒಂದು ಪ್ರೋಟಾನು, ಸುತ್ತ ಒಂದು ಎಲೆಕ್ಟ್ರಾನು. ಅದನ್ನು ಬಿಡಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಬೀಜಾವೇಶ ಎರಡಾಗಿ, ಎಲೆಕ್ಟ್ರಾನು ಒಂದೇ ಆಗಿದ್ದರೆ? ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಹೀಲಿಯಂ ಅಯಾನು ಅಂಥದ್ದು. ಅಲ್ಲಿ ಬೇಕಾಗುವ ಶಕ್ತಿ 54.4, ಎಂದರೆ ಎರಡರಷ್ಟಲ್ಲ, ನಾಲ್ಕರಷ್ಟು. ಬೀಜ ಎರಡರಷ್ಟು ಬಲದಿಂದ ಎಳೆಯುವುದರಿಂದ ಎಲೆಕ್ಟ್ರಾನು ಅರ್ಧದಷ್ಟು ದೂರಕ್ಕೆ ಬಂದು ನಿಲ್ಲುತ್ತದೆ. ಆವೇಶದ ಲಾಭ ಒಂದು, ಹತ್ತಿರ ಬಂದ ಲಾಭ ಇನ್ನೊಂದು. ಬೀಜಾವೇಶವೊಂದೇ ಹೆಚ್ಚಿ ಮಿಕ್ಕದ್ದೆಲ್ಲ ಹಾಗೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಶುದ್ಧ ಉದಾಹರಣೆ. ಇನ್ನು ಪೂರ್ಣ ಹೀಲಿಯಂ ಪರಮಾಣುವನ್ನು ನೋಡಿದರೆ, ಎರಡು ಎಲೆಕ್ಟ್ರಾನುಗಳಲ್ಲಿ ಮೊದಲನೆಯದನ್ನು ಬಿಡಿಸಲು 24.6 ಮಾತ್ರ ಸಾಕು. ಬೀಜ ಅದೇ, ಸೆಳೆತ ಅದೇ. ಜೊತೆಗಿರುವ ಇನ್ನೊಂದು ಎಲೆಕ್ಟ್ರಾನಿನ ತಳ್ಳಿಕೆ ಅಷ್ಟನ್ನು ವಜಾ ಹಾಕಿಸಿದೆ.

ಈ ವಜಾದ ದರಪಟ್ಟಿಯನ್ನು ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಲೇಟರ್ 1930ರಲ್ಲಿ ಸಿದ್ಧಪಡಿಸಿದರು. ಸ್ಥೂಲವಾದದ್ದು, ಆದರೆ ಕೈಬೆರಳಲ್ಲಿ ಎಣಿಸಬಹುದಾದದ್ದು. ಹೊರಪದರದ ಒಂದು ಎಲೆಕ್ಟ್ರಾನಿನ ದೃಷ್ಟಿಯಿಂದ ನೋಡಿದಾಗ, ಅದೇ ಪದರದ ಪ್ರತಿಯೊಬ್ಬ ಜೊತೆಗಾರನಿಗೆ 0.35ರಂತೆ, ಒಂದು ಪದರ ಒಳಗಿರುವ ಪ್ರತಿಯೊಂದು ಎಲೆಕ್ಟ್ರಾನಿಗೆ 0.85ರಂತೆ, ಅದಕ್ಕಿಂತ ಒಳಗಿನವಕ್ಕೆ ಪೂರ್ತಿ 1ರಂತೆ ಬೀಜಾವೇಶದಿಂದ ಕಳೆಯಬೇಕು. ದರಗಳ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ಆಳದಲ್ಲಿರುವ ಎಲೆಕ್ಟ್ರಾನು ಯಾವಾಗಲೂ ಬೀಜ ಮತ್ತು ಹೊರ ಎಲೆಕ್ಟ್ರಾನಿನ ನಡುವೆಯೇ ಇರುತ್ತದೆ. ಅದು ಒಂದು ಪ್ರೋಟಾನಿನ ಕೆಲಸವನ್ನು ಪೂರ್ತಿ ರದ್ದು ಮಾಡುತ್ತದೆ. ಒಂದೇ ಪದರದವರು ಪರಸ್ಪರ ಪಕ್ಕದಲ್ಲಿರುವವರು. ಪಕ್ಕದವನು ತಳ್ಳಿದರೆ ಬಹುಪಾಲು ಪಕ್ಕಕ್ಕೇ ತಳ್ಳುತ್ತಾನೆ, ಹೊರಕ್ಕೆ ಅಷ್ಟಾಗಿ ಅಲ್ಲ.

ಲಿಥಿಯಂನಲ್ಲಿ ಬೀಜಾವೇಶ 3, ಒಳಪದರದ ಎರಡು ಎಲೆಕ್ಟ್ರಾನುಗಳ ವಜಾ 1.70, ನಿವ್ವಳ 1.30. ಅದೇ ಸಾಲಿನ ಕೊನೆಯ ಹತ್ತಿರ ಇರುವ ಫ್ಲೋರೀನಿನಲ್ಲಿ ಬೀಜಾವೇಶ 9. ಹೊರಪದರದ ಏಳರಲ್ಲಿ ಒಂದನ್ನು ನಾವು ಗಮನಿಸುತ್ತಿದ್ದರೆ ಜೊತೆಗಾರರು ಆರು, ಅವರ ಪಾಲು 2.10, ಒಳಪದರದ್ದು ಮೊದಲಿನಂತೆ 1.70. ಒಟ್ಟು ವಜಾ 3.80, ನಿವ್ವಳ 5.20. ಲಿಥಿಯಂನ ನಾಲ್ಕರಷ್ಟು! ಸಾಲಿನಲ್ಲಿ ಒಂದೊಂದು ಹೆಜ್ಜೆ ಬಲಕ್ಕೆ ಇಟ್ಟಾಗಲೂ ಜಮಾ ಒಂದು, ವಜಾ 0.35, ಉಳಿತಾಯ 0.65. ಹೊರಪದರ ಅದೇ ಎರಡನೆಯದು. ಹೀಗಾಗಿ ಎಲೆಕ್ಟ್ರಾನನ್ನು ಬಿಡಿಸಲು ಲಿಥಿಯಂಗೆ 5.39 ಸಾಕಾದರೆ ಫ್ಲೋರೀನಿಗೆ 17.42 ಬೇಕು. ನಡುವೆ ಬೆರಿಲಿಯಂನಿಂದ ಬೋರಾನಿಗೆ ಹೋಗುವಲ್ಲಿ, ನೈಟ್ರೊಜನ್‌ನಿಂದ ಆಕ್ಸಿಜನ್‌ಗೆ ಹೋಗುವಲ್ಲಿ ಏರಿಕೆ ತುಸು ತಗ್ಗುತ್ತದೆ. ಪದರದೊಳಗಿನ ಉಪಪದರಗಳ ವ್ಯವಸ್ಥೆಗೆ ಸಂಬಂಧಿಸಿದ ಆ ವಿವರ ನಮ್ಮ ವಾದಕ್ಕೆ ಅಗತ್ಯವಿಲ್ಲ.

ಇದೇ ದರಪಟ್ಟಿಯನ್ನು ಹಿಡಿದು ಸೋಡಿಯಂ–ಪೊಟ್ಯಾಸಿಯಂಗಳ ಪ್ರಶ್ನೆಗೆ ಮರಳೋಣ. ಸೋಡಿಯಂನಲ್ಲಿ ಒಟ್ಟು 11. ಎರಡನೆಯ ಪದರದ ಎಂಟಕ್ಕೆ 6.80, ಮೊದಲ ಪದರದ ಎರಡಕ್ಕೆ 2. ನಿವ್ವಳ 2.20. ಪೊಟ್ಯಾಸಿಯಂನಲ್ಲಿ ಒಟ್ಟು 19. ಮೂರನೆಯ ಪದರದ ಎಂಟಕ್ಕೆ 6.80, ಅದರೊಳಗಿನ ಹತ್ತಕ್ಕೆ 10. ನಿವ್ವಳ ಮತ್ತೆ 2.20. ಬೀಜಾವೇಶ ಎಲ್ಲಿ ಹೋಯಿತು ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಬಂದ ಎಂಟೂ ವಜಾ ಆದವು. ನಿವ್ವಳ ಸಮನಾಗಿದ್ದರೂ ಪೊಟ್ಯಾಸಿಯಂನ ಹೊರ ಎಲೆಕ್ಟ್ರಾನು ಇನ್ನೊಂದು ಪದರ ಆಚೆಗಿದೆ. ದೂರ ಹೆಚ್ಚಿದ್ದರಿಂದ ಹಿಡಿತ ಸಡಿಲಗೊಂಡಿತು. ಮೊದಲು ಉಲ್ಲೇಖಿಸಿದ ಎರಡು ವಾಕ್ಯಗಳ ಜಾಗದಲ್ಲಿ ಈಗ ಒಂದೇ ವಾಕ್ಯ ಬರೆಯಬಹುದು: “ಪೊಟ್ಯಾಸಿಯಂನ ಬೀಜಾವೇಶ ಸೋಡಿಯಂನದಕ್ಕಿಂತ ಎಂಟು ಹೆಚ್ಚಾಗಿದ್ದರೂ, ಆ ಎಂಟೂ ಒಳ ಎಲೆಕ್ಟ್ರಾನುಗಳ ತಳ್ಳಿಕೆಯಲ್ಲಿ ವಜಾ ಆಗುವುದರಿಂದ ನಿವ್ವಳ ಹೆಚ್ಚುವುದಿಲ್ಲ, ಹೊರ ಎಲೆಕ್ಟ್ರಾನು ದೂರ ಸರಿದಿರುವುದರಿಂದ ಆಕರ್ಷಣೆ ಕುಗ್ಗುತ್ತದೆ.” ವಾಕ್ಯ ಉದ್ದವಾಯಿತು. ಆದರೆ ‘ಆಗಿದ್ದರೂ’, ‘ಆಗುವುದರಿಂದ’, ‘ಇರುವುದರಿಂದ’ ಎಂಬ ಮೂರು ಕೀಲುಗಳಲ್ಲಿ ಇಡೀ ವಾದ ನಿಂತಿದೆ, ಒಂದನ್ನು ತೆಗೆದರೂ ಬೀಳುತ್ತದೆ.

ಲೆಕ್ಕದ ಭಾಷೆಯಲ್ಲಿ ನಿಸರ್ಗವನ್ನು ಹೇಳುವುದು ನಮಗೆ ಹೊಸದೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಧನ ಮತ್ತು ಋಣ ರಾಶಿಗಳ ನಿಯಮಗಳಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದದ್ದು ‘ವ್ಯವಹಾರಗಣಿತ’. ಇಂದು ನಾವು ಧನಾವೇಶ, ಋಣಾವೇಶ ಎನ್ನುವಾಗ ಆ ಸಂಪತ್ತು ಮತ್ತು ಸಾಲದ ಅರ್ಥ ಮಾಸಿದೆ. ಆದರೆ ಒಂದು ಕಡೆ ಅದನ್ನು ಎಚ್ಚರಿಸಿದರೆ ತುಂಬ ಉಪಯೋಗವಿದೆ. ಬೀಜಕ್ಕೆ ಕಟ್ಟುಬಿದ್ದ ಎಲೆಕ್ಟ್ರಾನಿನ ಒಟ್ಟು ಶಕ್ತಿ ಋಣಸಂಖ್ಯೆ: ಸೋಡಿಯಂನ ಹೊರ ಎಲೆಕ್ಟ್ರಾನಿಗೆ ಅದು ಋಣ 5.14. ಹೊರಗಿನಿಂದ ಅಷ್ಟೇ ಶಕ್ತಿಯನ್ನು ಕೊಟ್ಟರೆ ಸಾಲ ತೀರಿ ಶೂನ್ಯವಾಗುತ್ತದೆ, ಎಲೆಕ್ಟ್ರಾನು ಋಣಮುಕ್ತವಾಗಿ ಹೊರಡುತ್ತದೆ. ಅಯಾನೀಕರಣ ಶಕ್ತಿ ಎಂದರೆ ತೀರಿಸಬೇಕಾದ ಈ ಸಾಲವೇ. (ಎಲೆಕ್ಟ್ರಾನಿನ ಆವೇಶ ಋಣವಾಗಿರುವುದು ಬೇರೆ ಮಾತು, ಅದು ಬಿಡುಗಡೆಯಾದ ಮೇಲೂ ಋಣವೇ. ಪಾಠ ಹೇಳುವಾಗ ಇವೆರಡನ್ನು ಬೆರೆಸದಂತೆ ಎಚ್ಚರ ವಹಿಸಬೇಕು.)

5

ಒಂದು ವಿವರಣೆಯ ಯೋಗ್ಯತೆ ತಿಳಿಯುವುದು ಅದನ್ನು ಕಷ್ಟದ ಜಾಗಕ್ಕೆ ಒಯ್ದಾಗ. ಅಂಥ ಜಾಗ ನಮ್ಮ ನಾಡಿನ ನೆಲದಲ್ಲೇ ಇದೆ: ಕೋಲಾರದ ಚಿನ್ನ.

ಶಾಸನಗಳ ಕೆಲಸ ಮಾಡಿದವರಿಗೆ ಗೊತ್ತಿರುವ ಸಂಗತಿಯಿಂದ ಆರಂಭಿಸಬಹುದು. ಮಣ್ಣಿನಿಂದ ತೆಗೆದ ತಾಮ್ರಪಟ ಹಸಿರು ಕಿಲುಬು ಹಿಡಿದಿರುತ್ತದೆ. ಅಕ್ಷರ ಓದುವ ಮೊದಲು ಅದನ್ನು ಶುದ್ಧಿಮಾಡಬೇಕು. ಬೆಳ್ಳಿ ಕಪ್ಪಾಗಿರುತ್ತದೆ. ಅದೇ ಮಣ್ಣಿನಲ್ಲಿ ಅಷ್ಟೇ ಶತಮಾನ ಮಲಗಿದ್ದ ಹೊನ್ನಿನ ಗದ್ಯಾಣ ಒರೆಸಿದರೆ ಸಾಕು, ಹೊಳೆಯುತ್ತದೆ. ತಾಮ್ರ, ಬೆಳ್ಳಿ, ಚಿನ್ನ ಮೂರೂ ಆವರ್ತ ಕೋಷ್ಟಕದ ಒಂದೇ ಕಂಬಸಾಲಿನವು, ಮೂರಕ್ಕೂ ಹೊರಪದರದಲ್ಲಿ ಒಂದೊಂದೇ ಎಲೆಕ್ಟ್ರಾನು. ಸೋಡಿಯಂ–ಪೊಟ್ಯಾಸಿಯಂ ಸಾಲಿನವಕ್ಕೂ ಹೊರಪದರದಲ್ಲಿರುವುದು ಒಂದೇ ಎಲೆಕ್ಟ್ರಾನು. ಹಾಗಿದ್ದೂ ಪೊಟ್ಯಾಸಿಯಂ ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ, ಸೀಸಿಯಂ ಗಾಳಿಗೆ ತೆರೆದರೇ ಉರಿಯುತ್ತದೆ. ಸೀಸಿಯಂನ ಹೊರ ಎಲೆಕ್ಟ್ರಾನು ಇರುವುದು ಆರನೆಯ ಪದರದಲ್ಲಿ. ಚಿನ್ನದ್ದೂ ಆರನೆಯ ಪದರದಲ್ಲೇ. ಒಂದನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿಡಬೇಕು, ಇನ್ನೊಂದನ್ನು ತಲೆತಲಾಂತರ ಕೊರಳಲ್ಲಿ ಧರಿಸಬಹುದು.

ವ್ಯತ್ಯಾಸ ಬೀಜದಲ್ಲಿದೆ. ಸೀಸಿಯಂನ ಬೀಜಾವೇಶ 55, ಚಿನ್ನದ್ದು 79. ನಡುವೆ ಇಪ್ಪತ್ನಾಲ್ಕು ಪ್ರೋಟಾನುಗಳು ಸೇರಿವೆ, ಇಪ್ಪತ್ನಾಲ್ಕು ಎಲೆಕ್ಟ್ರಾನುಗಳೂ ಸೇರಿವೆ. ಎಲೆಕ್ಟ್ರಾನುಗಳು ಸೇರಿದ್ದು ಹೊರಗಲ್ಲ, ಒಳಗೆ: ಹದಿನಾಲ್ಕು ನಾಲ್ಕನೆಯ ಪದರಕ್ಕೆ, ಹತ್ತು ಐದನೆಯ ಪದರಕ್ಕೆ. ಸ್ಲೇಟರ್ ದರದಲ್ಲಿ ಹದಿನಾಲ್ಕಕ್ಕೆ ಪೂರ್ತಿ 14, ಹತ್ತಕ್ಕೆ 8.50, ಒಟ್ಟು 22.50 ವಜಾ. ಬಂದ ಇಪ್ಪತ್ನಾಲ್ಕರಲ್ಲಿ 1.50 ಉಳಿಯಿತು. ಸೀಸಿಯಂನ ನಿವ್ವಳ 2.20, ಚಿನ್ನದ ನಿವ್ವಳ 3.70. ಪೊಟ್ಯಾಸಿಯಂನಿಂದ ತಾಮ್ರಕ್ಕೆ, ರುಬಿಡಿಯಂನಿಂದ ಬೆಳ್ಳಿಗೆ ಬಂದಾಗಲೂ ಇದೇ ಕಥೆ. ಅಲ್ಲಿ ಸೇರುವುದು ಹತ್ತು, ವಜಾ 8.50, ಉಳಿಯುವುದು ಅದೇ 1.50. ಎಲೆಕ್ಟ್ರಾನನ್ನು ಬಿಡಿಸುವ ಶಕ್ತಿ ಇದಕ್ಕೆ ತಕ್ಕಂತೆ ಏರುತ್ತದೆ: ಪೊಟ್ಯಾಸಿಯಂ 4.34, ತಾಮ್ರ 7.73, ರುಬಿಡಿಯಂ 4.18, ಬೆಳ್ಳಿ 7.58.

ಇಲ್ಲಿಯವರೆಗೆ ಲೆಕ್ಕ ಸರಿ. ಮುಂದೆ ಅದು ಕೈಕೊಡುತ್ತದೆ. ತಾಮ್ರ, ಬೆಳ್ಳಿ, ಚಿನ್ನ ಮೂರರ ನಿವ್ವಳವೂ 3.70 ಆಗಿದ್ದರೆ, ಹೊರ ಎಲೆಕ್ಟ್ರಾನು ಇನ್ನೂ ಒಂದು ಪದರ ದೂರವಿರುವ ಚಿನ್ನ ಬೆಳ್ಳಿಗಿಂತ ಸಡಿಲವಾಗಿ ಹಿಡಿದಿರಬೇಕು. ಅಳೆದು ನೋಡಿದರೆ ಚಿನ್ನಕ್ಕೆ ಬೇಕಾಗುವ ಶಕ್ತಿ 9.23. ಸೀಸಿಯಂನ 3.89ಕ್ಕೆ ಹೋಲಿಸಿದರೆ ಎರಡೂಕಾಲು ಪಟ್ಟಿಗಿಂತ ಹೆಚ್ಚು. ದರಪಟ್ಟಿಯಲ್ಲಿ ಎಲ್ಲೋ ವಜಾ ಅತಿಯಾಗಿದೆ ಎಂದರ್ಥ.

ಅತಿಯಾಗಿರುವುದು ನಾಲ್ಕನೆಯ ಪದರದ ಆ ಹದಿನಾಲ್ಕು ಎಲೆಕ್ಟ್ರಾನುಗಳ ವಿಷಯದಲ್ಲಿ. ಎಫ್ ಉಪಪದರದವೆಂದು ಕರೆಯುವ ಇವು ಬೀಜದ ಸುತ್ತ ಒತ್ತಾಗಿ ಕೂಡದೆ, ಹಲವು ಹಾಲೆಗಳಾಗಿ ಹರಡಿಕೊಂಡಿರುತ್ತವೆ. ಒಳಗಿದ್ದೂ ಒಳಗಿನವರ ಕೆಲಸವನ್ನು ಪೂರ್ತಿ ಮಾಡುವುದಿಲ್ಲ. ಹದಿನಾಲ್ಕು ಪ್ರೋಟಾನುಗಳ ಸೆಳೆತದಲ್ಲಿ ಒಂದು ಭಾಗ ವಜಾ ಆಗದೆ ಉಳಿದು, ಹೊರಗಿನವನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಇದರ ಗುರುತನ್ನು ಅಕ್ಕಸಾಲಿಗನ ತಕ್ಕಡಿಯಲ್ಲೂ ಕಾಣಬಹುದು. ಒಂದು ಪದರ ಹೆಚ್ಚಿದ್ದರೂ ಚಿನ್ನದ ಪರಮಾಣು ಬೆಳ್ಳಿಯ ಪರಮಾಣುವಿಗಿಂತ ದೊಡ್ಡದಲ್ಲ. ಲೋಹದಲ್ಲಿ ಎರಡರ ತ್ರಿಜ್ಯವೂ ಸುಮಾರು 144 ಪಿಕೋಮೀಟರ್. ಎರಡೂ ಲೋಹಗಳಲ್ಲಿ ಪರಮಾಣುಗಳ ಜೋಡಣೆಯ ಕ್ರಮವೂ ಒಂದೇ. ಆದ್ದರಿಂದ ಅವುಗಳ ಸಾಂದ್ರತೆಯ ವ್ಯತ್ಯಾಸ ಬರಿಯ ಪರಮಾಣು ತೂಕದ ವ್ಯತ್ಯಾಸವಾಗಿ ಉಳಿಯುತ್ತದೆ. ಬೆಳ್ಳಿಯ ಪರಮಾಣು ತೂಕ 108, ಚಿನ್ನದ್ದು 197. ಬೆಳ್ಳಿಯ ಸಾಂದ್ರತೆ 10.5, ಚಿನ್ನದ್ದು 19.3. ಎರಡು ಜೋಡಿಗಳನ್ನೂ ಭಾಗಿಸಿ ನೋಡಿ, ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ.

ಇನ್ನೊಂದು ಕಾರಣ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಿಂದ ಬರುತ್ತದೆ. 79ರಷ್ಟು ಆವೇಶದ ಬೀಜದ ಹತ್ತಿರ ಬೀಳದೆ ಉಳಿಯಬೇಕಾದರೆ ಮೊದಲ ಪದರದ ಎಲೆಕ್ಟ್ರಾನು ಬೆಳಕಿನ ವೇಗದ ಸುಮಾರು ಶೇಕಡಾ 58ರಷ್ಟು ವೇಗದಲ್ಲಿ ಚಲಿಸಬೇಕು. ಆ ವೇಗದಲ್ಲಿ ಅದರ ದ್ರವ್ಯರಾಶಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಏರಿದಂತಾಗಿ, ಪದರ ಬೀಜದ ಕಡೆಗೆ ಕುಗ್ಗುತ್ತದೆ. ಬೀಜದ ಸಮೀಪಕ್ಕೆ ಹಾಯ್ದು ಬರುವ ಸ್ವಭಾವದ ಆರನೆಯ ಪದರದ ಹೊರ ಎಲೆಕ್ಟ್ರಾನಿಗೂ ಇದರ ಪಾಲು ತಟ್ಟುತ್ತದೆ. ಚಿನ್ನ ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಕಾಣುವುದಕ್ಕೂ ಇದೇ ಮೂಲ. ಬೆಳ್ಳಿಯ ಬೀಜಾವೇಶ 47 ಮಾತ್ರವಾದ್ದರಿಂದ ಅಲ್ಲಿ ಈ ಪರಿಣಾಮ ಅಲ್ಪ, ಬೆಳ್ಳಿ ಬೆಳ್ಳಗೇ ಉಳಿದಿದೆ.

ಲೋಹವೊಂದು ಕಿಲುಬು ಹಿಡಿಯುವುದು ಬಿಡುವುದು ಅಯಾನೀಕರಣ ಶಕ್ತಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಸಂಖ್ಯೆಯನ್ನೇ ನಂಬಿದರೆ ತಾಮ್ರ ಬೆಳ್ಳಿಗಿಂತ ಶ್ರೇಷ್ಠವಾಗಬೇಕಿತ್ತು. ಲೋಹದಲ್ಲಿ ಪರಮಾಣುಗಳು ಪರಸ್ಪರ ಬೆಸೆದುಕೊಂಡಿರುವ ಬಿಗಿ, ಹುಟ್ಟುವ ಸಂಯುಕ್ತದ ಭದ್ರತೆ ಇವೂ ಲೆಕ್ಕಕ್ಕೆ ಸೇರುತ್ತವೆ. ಆದರೂ ಚಿನ್ನದ ವಿಷಯದಲ್ಲಿ ಬೀಜದ ಬಿಗಿಹಿಡಿತ ಪ್ರಧಾನವಾದ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಸಂಡೂರಿನ ಕಬ್ಬಿಣ ಆಕ್ಸಿಜನ್‌ಗೆ ತನ್ನ ಎಲೆಕ್ಟ್ರಾನುಗಳನ್ನು ಒಪ್ಪಿಸಿ ಕೆಂಪು ಅದಿರಾಗಿ ನೆಲದಲ್ಲಿದೆ. ಕೋಲಾರದ ಮತ್ತು ಹಟ್ಟಿಯ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಹೆಚ್ಚಾಗಿ ಚಿನ್ನವಾಗಿಯೇ ಇತ್ತು. ಕಲ್ಲನ್ನು ಅರೆದು ಅದನ್ನು ಬೇರ್ಪಡಿಸುವುದೇ ಗಣಿಯ ಕೆಲಸವಾಯಿತು. ಅರೆದ ಪುಡಿಯಲ್ಲಿ ಉಳಿದ ಕಣಗಳನ್ನು ಹಿಡಿಯಲು ಸಯನೈಡ್ ದ್ರಾವಣ ಬೇಕಾಯಿತು: ಗಾಳಿಯ ಆಕ್ಸಿಜನ್ ಒಂದೇ ಕೇಳಿದರೆ ಚಿನ್ನ ಎಲೆಕ್ಟ್ರಾನನ್ನು ಕೊಡುವುದಿಲ್ಲ. ಕೊಟ್ಟ ಮೇಲೆ ಉಳಿಯುವ ಚಿನ್ನದ ಅಯಾನನ್ನು ಎರಡು ಸಯನೈಡ್‌ಗಳು ಎರಡೂ ಕಡೆಯಿಂದ ಭದ್ರವಾಗಿ ಹಿಡಿದುಕೊಳ್ಳುವುದಾದರೆ ಕೊಡುತ್ತದೆ. ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಸಯನೈಡ್ ಬೆರೆತ ಆ ಪುಡಿಯ ದಿಬ್ಬಗಳು, 24 ಪ್ರೋಟಾನುಗಳ ವಜಾ ಆಗದ ಉಳಿಕೆಯೊಡನೆ ಮನುಷ್ಯ ನಡೆಸಿದ ಶತಮಾನದ ಜಗ್ಗಾಟದ ಗುರುತಾಗಿ, ಊರಿನ ಪಕ್ಕದಲ್ಲಿ ನಿಂತಿವೆ.

ಈ ಭಾಗವನ್ನು ‘ಹೆಚ್ಚಿದಂತೆ ಹೆಚ್ಚುತ್ತದೆ’ ಎಂಬ ವಾಕ್ಯಗಳಿಂದ ಬರೆಯಲು ಸಾಧ್ಯವಿತ್ತೇ ಎಂದು ಪ್ರಯತ್ನಿಸಿ ನೋಡಬಹುದು. ಕಂಬಸಾಲಿನ ನಿಯಮ ಚಿನ್ನದಲ್ಲಿ ಮುರಿಯುತ್ತದೆ, ಅಡ್ಡಸಾಲಿನ ನಿಯಮ ಅದರ ಪ್ರಮಾಣವನ್ನು ಹೇಳುವುದಿಲ್ಲ. ಬಾಯಿಪಾಠದ ನಿಯಮಕ್ಕೆ ಚಿನ್ನ ಬರಿಯ ಅಪವಾದ. ಲೆಕ್ಕದ ವಾಕ್ಯಕ್ಕೆ ಅದು ಅಪವಾದವಲ್ಲ. ಯಾವ ಬಾಬಿನಲ್ಲಿ ಎಷ್ಟು ವಜಾ ಅತಿಯಾಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ತಪಶೀಲು. ಆ ತಪಶೀಲನ್ನು ಓದಬಲ್ಲ ವಿದ್ಯಾರ್ಥಿನಿ ರಾಜೀವನಗರದಿಂದ ಯಾವ ಕಾಲೇಜಿಗೆ ಹೋಗಿ ಯಾವ ಭಾಷೆಯಲ್ಲಿ ಮುಂದಿನ ಪಾಠ ಕೇಳಿದರೂ, ಎಫ್ ಉಪಪದರದ ಎಲೆಕ್ಟ್ರಾನು ಏಕೆ ಪೂರ್ತಿ ಒಂದನ್ನು ಕಳೆಯಲಾರದು ಎಂಬ ಪ್ರಶ್ನೆಯನ್ನು ತಾನೇ ಎತ್ತುತ್ತಾಳೆ.